ರವಿವಾರದ ಜ್ವರ

ನಮ್ಮ ಕಾಕಾಗೆ ರವಿವಾರ ಬಂದರೆ ಜ್ವರ ಬರುತ್ತದೆ.

ನಗಬೇಡಿ, ಸುಳ್ಳು ಹೇಳುತ್ತಿಲ್ಲ. ಲೋಕದ ಮಂದಿಗೆಲ್ಲ ಸೋಮವಾರ ಮುಂಜಾನೆ ಹೊಟ್ಟೆನೋವು, ತಲೆನೋವು, ಬೆನ್ನುಹುರಿಯಲ್ಲಿ ಎಂಥದೋ ಸೆಳೆತ. ಇದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಬೀದರಿನ ಒಂದು ಖಾಸಗಿ ದವಾಖಾನೆಯಲ್ಲಿ ಹನ್ನೆರಡು ವರ್ಷದಿಂದ ಚೀಟಿ ಬರೆಯುವ ಕಿಟಕಿಯಲ್ಲಿ ಕೂತಿದ್ದೇನೆ. ಸೋಮವಾರ ಬರುವವರಲ್ಲಿ ಅರ್ಧ ಮಂದಿಗೆ ಬೇಕಾದದ್ದು ಔಷಧಿಯಲ್ಲ, ರಜೆ ಹಾಕಲು ಡಾಕ್ಟರ ಒಂದು ಸಹಿ. ಅವರನ್ನು ನೋಡಿ ನಾನು ಹೊಟ್ಟೆಕಿಚ್ಚು ಪಡುತ್ತೇನೆ. ನನಗೂ ತಲೆ ನೋಯುತ್ತಿರುತ್ತದೆ, ಆದರೆ ದವಾಖಾನೆಯಲ್ಲಿ ಕೆಲಸ ಮಾಡುವವಳು ಆರಾಮಿಲ್ಲ ಅಂದರೆ ನಂಬುವವರು ಯಾರು?

ಕಾಕಾನ ದಾರಿ ಇದಕ್ಕೆ ಪೂರಾ ಉಲ್ಟಾ. ಶನಿವಾರ ಸಂಜೆಯಿಂದಲೇ ಮುಖ ಇಳಿಯುತ್ತದೆ. ರವಿವಾರ ಮುಂಜಾನೆ ಶಾಲು ಹೊದ್ದುಕೊಂಡು ಪಡಸಾಲೆಯಲ್ಲಿ ಕೂಡುತ್ತಾರೆ. "ಮೈ ಬಿಸಿ ಅನಸ್ಲಿಕತ್ತದ ನೋಡು" ಅನ್ನುತ್ತಾರೆ. ಅವರ ಹೆಂಡತಿ, ನಮ್ಮ ಕಾಕು, ಥರ್ಮಾಮೀಟರ್ ಇಟ್ಟು ನೋಡಿ, "ಏನೂ ಇಲ್ರಿ" ಅಂದರೆ, "ಜ್ವರ ಒಳಗ ಅದ. ಗಾಜಿನ ಕಡ್ಡಿಗಿ ಏನ್ ತಿಳೀತದ?" ಅನ್ನುತ್ತಾರೆ. ಸೋಮವಾರ ಆರು ಗಂಟೆಗೆ ನೋಡಿ! ಸ್ನಾನ ಆಗಿದೆ, ಹಣೆ ತುಂಬ ವಿಭೂತಿ, ತಲೆಯ ಮೇಲೆ ಬಿಳಿ ಟೊಪಗಿ, ಸೈಕಲ್ಲಿಗೆ ಗಾಳಿ. ಜ್ವರ ಎಲ್ಲಿ ಹೋಯಿತು? ಅದನ್ನು ಕೇಳಬಾರದು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಗಾಂಧಿ ಗಂಜ್ ಪೇಟೆಯ ಅರ್ಧ ಮಂದಿ ಈ ಕಾಗದ ಹಿಡಿದು ಅವರ ಹತ್ತಿರ ಓಡುತ್ತಾರೆ, ಅವರು ಇದರಲ್ಲಿರುವ ತಪ್ಪುಗಳನ್ನೆಲ್ಲ ಆರಿಸಿ ಪಕ್ಕಕ್ಕೆ ಇಡುತ್ತಾರೆ. ಆರಿಸುವುದೇ ಅವರ ಕಸುಬು.

ಗಂಜಿನ ಹಿಂದುಗಡೆ ಒಂದು ದಾಲ್ ಮಿಲ್ ಇದೆ. ಕಾಕಾ ಅಲ್ಲಿ ಮೂವತ್ತೊಂದು ವರ್ಷ ಮಾಲು ನೋಡುವ ಕೆಲಸ ಮಾಡಿದರು. ಲಾರಿಯಲ್ಲಿ ತೊಗರಿ ಬರುತ್ತದೆ. ಕಾಕಾ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಮುಷ್ಟಿ ಕಾಳು ತೆಗೆಯುತ್ತಾರೆ. ಅಂಗೈಯಲ್ಲಿ ಹರಡಿ ನೋಡುತ್ತಾರೆ, ಮೂಸುತ್ತಾರೆ, ಎರಡು ಕಾಳು ಕಟ್ ಅಂತ ಕಡಿಯುತ್ತಾರೆ. ಆಮೇಲೆ ತೀರ್ಪು: ಒಣಗಿದೆ, ಹಸಿ ಇದೆ, ಹುಳ ಹತ್ತಿದೆ, ಹಳೆಯದನ್ನು ಹೊಸದರ ಸಂಗಡ ಕಲಸಿದ್ದಾರೆ. ಊರೂ ಹೇಳುತ್ತಾರೆ. ಹತ್ತರಲ್ಲಿ ಎಂಟು ಸಲ ಸರಿ ಇರುತ್ತದೆ. ಉಳಿದ ಎರಡು ಸಲ, ಅವರ ಪ್ರಕಾರ, ರೈತನಿಗೇ ತನ್ನ ಊರು ಸರಿಯಾಗಿ ಗೊತ್ತಿರುವುದಿಲ್ಲ!

ಈ ಕೆಲಸ ಮಿಲ್ಲಿನಲ್ಲೇ ಮುಗಿದಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಅದು ಅವರ ಜೇಬಿನಲ್ಲಿ ಮನೆಗೆ ಬರುತ್ತಿತ್ತು. ಅಂಗಿ ಒಗೆಯುವಾಗ ತೊಗರಿ, ಹಾಸಿಗೆ ಕೊಡವಿದರೆ ತೊಗರಿ. ಒಂದು ಮಳೆಗಾಲ ಬಚ್ಚಲ ಮೋರಿಯ ಪಕ್ಕ ತೊಗರಿ ಗಿಡವೇ ಹುಟ್ಟಿತು. ಕಾಕು ಅದನ್ನು ಕೀಳಲು ಹೋದರೆ, "ತಡಿ, ಯಾವ ಊರಿನ ಬೀಜ ನೋಡೋಣು" ಅಂದರಂತೆ.

ಒಮ್ಮೆ ಹಲಬರ್ಗಾದಲ್ಲಿ ಕಾಕುವಿನ ಕಡೆಯವರ ಮದುವೆ. ಪಂಕ್ತಿಯಲ್ಲಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ಬೇಳೆ ಬಡಿಸಿದರು. ಕಾಕಾ ಒಂದು ತುತ್ತು ಬಾಯಿಗೆ ಇಟ್ಟವರೇ ಕಣ್ಣು ಮುಚ್ಚಿ ಅಲುಗಾಡದೆ ಕೂತುಬಿಟ್ಟರು. ಹುಡುಗಿಯ ತಂದೆ ಅಲ್ಲೇ ನಿಂತಿದ್ದರು. ಪಾಪ, ಗಾಬರಿಯಿಂದ ಬಗ್ಗಿ ಕೇಳಿದರು:

"ಏನಾಯ್ತ್ರಿ? ಏನರೆ ಬಿದ್ದದೇನ್ರಿ ಅದರಾಗ?"

ಇಡೀ ಪಂಕ್ತಿ ಕೈ ತಡೆಯಿತು. ಒಬ್ಬಾಕೆ ತನ್ನ ಎಲೆಯನ್ನು ಬಗ್ಗಿ ಬಗ್ಗಿ ನೋಡಲು ಹತ್ತಿದಳು.

ಕಾಕಾ ನಿಧಾನವಾಗಿ ಕಣ್ಣು ತೆರೆದು ಹೇಳಿದರು: "ಏನೂ ಬಿದ್ದಿಲ್ರಿ. ಬಗದಲ್ ಊರ ಕಡಿ ತೊಗರಿ ಬಿದ್ದದ. ಹಲಬರ್ಗಾದಾಗ ಇಷ್ಟು ಚಲೋ ತೊಗರಿ ಬೆಳೀತದ, ನೀವ್ ಅಲ್ಲಿಂದ್ಯಾಕ ತಂದ್ರಿ?"

ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಂದಿನಿಂದ ಯಾವ ಮದುವೆಗೆ ಹೋದರೂ ಕಾಕಾನನ್ನು ಪಂಕ್ತಿಯ ಕಟ್ಟಕಡೆಗೆ ಕೂಡಿಸುತ್ತಾರೆ. ಅಲ್ಲಿಗೆ ಬೇಳೆ ಬರುವಷ್ಟರಲ್ಲಿ ಮನುಷ್ಯ ಹಸಿದು ಕಂಗಾಲಾಗಿರುತ್ತಾನೆ, ಸುಮ್ಮನೆ ಉಣ್ಣುತ್ತಾನೆ!

ಇಷ್ಟು ಹುಚ್ಚು ಯಾಕೆ ಹಿಡಿಯಿತು? ಪಗಾರ ಏನು ಭಾರಿ ಇರಲಿಲ್ಲ. ಧೂಳೋ ಧೂಳು, ಮಷೀನಿನ ಸದ್ದಿಗೆ ಒಂದು ಕಿವಿ ಮಂದ. ನಾನು ಒಮ್ಮೆ ಕೇಳಿದೆ. ಕಾಕಾ ತಲೆ ಕೆರೆದುಕೊಂಡು, "ಸೇಠರು ಕೇಳ್ತಾರಲ್ಲವ್ವ" ಅಂದರು. ಅಷ್ಟೇ ಉತ್ತರ.

ಮಿಲ್ಲಿನ ಹಳೆಯ ಸೇಠರು ದಿನಾ ಮುಂಜಾನೆ ಬಂದವರೇ ಕೈಯಲ್ಲಿ ಚಹಾ ಹಿಡಿದು ಕಾಕಾನ ಮುಂದೆ ನಿಲ್ಲುತ್ತಿದ್ದರು. "ಹೇಳ್ರಿ, ಇವತ್ತ ಮಾಲು ಹ್ಯಾಂಗದ?" ಅನ್ನುತ್ತಿದ್ದರು. ಕೇಳಿ ಸುಮ್ಮನೆ ಹೋಗುತ್ತಿರಲಿಲ್ಲ, ಉತ್ತರ ಮುಗಿಯುವ ತನಕ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ಸೇಠರ ಸ್ವಂತ ಬೀಗರ ಲಾರಿ ಬಂತು. ಕಾಕಾ ಕಾಳು ಕಡಿದು, "ಹಸಿ ಅದ, ಬ್ಯಾಡ್ರಿ" ಅಂದರು. ಬೀಗರು ಸಿಟ್ಟಿಗೆದ್ದರು. ಸೇಠರು ಚಹಾ ಕುಡಿದು ಮುಗಿಸಿ, "ಅವರು ಬ್ಯಾಡಂದ್ರ ಬ್ಯಾಡ" ಅಂದು ಲಾರಿ ತಿರುಗಿಸಿ ಕಳಿಸಿದರು. ಆ ದಿನ ಕಾಕಾ ಮನೆಗೆ ಬಂದು ಎರಡು ರೊಟ್ಟಿ ಜಾಸ್ತಿ ಉಂಡರೆಂದು ಕಾಕು ಇವತ್ತಿಗೂ ಹೇಳುತ್ತಾರೆ.

ಇನ್ನೊಬ್ಬರು ಮಿಸ್ತ್ರಿ ಚಾಚಾ. ಮಿಲ್ಲಿನ ಮಷೀನು ನೋಡಿಕೊಳ್ಳುವವರು. ಅವರೂ ಕಾಕಾನೂ ಮೂವತ್ತು ವರ್ಷ ದಿನಾ ಜಗಳಾಡಿದ್ದಾರೆ, ದಿನಾ ಒಂದೇ ಬಸಿಯಲ್ಲಿ ಚಹಾ ಹಂಚಿಕೊಂಡಿದ್ದಾರೆ. ಬೇಳೆ ಒಡೆದು ನುಚ್ಚಾದರೆ ಚಾಚಾ ಕಾಳಿಗೆ ಬೈಯುತ್ತಿದ್ದರು, ಕಾಕಾ ಮಷೀನಿಗೆ ಬೈಯುತ್ತಿದ್ದರು. ಯಾರು ಗೆದ್ದರೆಂದು ಇನ್ನೂ ತೀರ್ಮಾನವಾಗಿಲ್ಲ.

ಹೀಗಿರುವಾಗ ಹಳೆಯ ಸೇಠರು ಮೊಣಕಾಲು ನೋವು ಜಾಸ್ತಿಯಾಗಿ ಮನೆಯಲ್ಲಿ ಕೂತರು. ಪುಣೆಯಲ್ಲಿ ಓದಿ ಬಂದ ಮಗ ಗಾದಿಗೆ ಬಂದರು. ಎಲ್ಲರೂ ಅವರನ್ನು ಛೋಟೆ ಸೇಠ್ ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಇನ್ನೂ ಲಗ್ನವಾಗಿರಲಿಲ್ಲ. ಬಂದ ಎರಡನೇ ತಿಂಗಳಿಗೆ ಗೇಟಿಗೆ ಒಂದು ನೋಟಿಸು ಹಚ್ಚಿಸಿದರು: "ಶನಿವಾರ ನಾಲ್ಕು ಗಂಟೆಗೆ ಎಂಗೇಜ್ಮೆಂಟ್ ಕಾರ್ಯಕ್ರಮ. ಎಲ್ಲರೂ ತಪ್ಪದೆ ಹಾಜರಿರಬೇಕು."

ನೀವೇ ಹೇಳಿ, ಇದನ್ನು ಓದಿದರೆ ಯಾರಾದರೂ ಏನು ತಿಳಿದುಕೊಳ್ಳುತ್ತಾರೆ?

ಶನಿವಾರ ಇಡೀ ಮಿಲ್ಲು ಹೊಸ ಬಟ್ಟೆ ಹಾಕಿಕೊಂಡು ಬಂತು. ಬೇಳೆ ಹಸನು ಮಾಡುವ ಹೆಣ್ಣುಮಕ್ಕಳು ಆರತಿ ತಟ್ಟೆ ತಂದಿದ್ದರು, ಹುಡುಗಿಗೆ ಉಡಿ ತುಂಬಲು ಕುಪ್ಪಸದ ಬಟ್ಟೆ ತಂದಿದ್ದರು. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಒಂದು ಡಬ್ಬಿ ಪೇಢೆ, ಒಂದು ತೆಂಗಿನಕಾಯಿ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ಛೋಟೆ ಸೇಠ್ ಒಬ್ಬರೇ ಬಂದರು, ಕೈಯಲ್ಲಿ ಒಂದು ಕಟ್ಟು ಕಾಗದ.

ಕಾಕಾ ಎದ್ದು ನಿಂತು, "ಹುಡುಗಿ ಎಲ್ಲಿ ಅದಾಳ್ರಿ?" ಅಂದರು.

"ಯಾವ ಹುಡುಗಿ ಕಾಕಾ? ಇದು ನಂದಲ್ಲ, ನಿಮ್ಮ ಎಂಗೇಜ್ಮೆಂಟು."

"ನಂದಾ?" ಕಾಕಾನ ಕೈಯಿಂದ ತೆಂಗಿನಕಾಯಿ ಜಾರಿತು. "ನಂದಾಗಿ ಮೂವತ್ನಾಕು ವರ್ಷ ಆತಲ್ರಿ! ಮನ್ಯಾಗ ಗೊತ್ತಾದ್ರ ಜೀವ ಉಳಸ್ತಾಳೇನ್ರಿ?"

"ಮುಬಾರಕ್ ಮಿಯಾಂ!" ಅಂದರು ಹಿಂದಿನಿಂದ ಮಿಸ್ತ್ರಿ ಚಾಚಾ. ಆಮೇಲೆ ಹತ್ತು ನಿಮಿಷ ಕಾರ್ಯಕ್ರಮ ನಡೆಯಲಿಲ್ಲ, ಬರೀ ನಗು ನಡೆಯಿತು.

ಛೋಟೆ ಸೇಠ್ ಪಾಪ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೆಲಸದಲ್ಲಿ ಮನಸ್ಸು ಎಷ್ಟು ಹತ್ತಿದೆ ಅನ್ನುವುದಕ್ಕೆ ಈಗ ಎಂಗೇಜ್ಮೆಂಟು ಅನ್ನುತ್ತಾರೆ, ಮನಸ್ಸು ಹತ್ತಿದವರಿಗೆ ಆರೋಗ್ಯವೂ ಚಲೋ ಇರುತ್ತದೆ, ಅದನ್ನು ಈ ಕಾಗದದ ಮೇಲೆ ಅಳೆಯುತ್ತೇವೆ ಅಂತ.

"ಮನಸ್ಸು ಹತ್ತೇದೋ ಇಲ್ಲೋ ಕಾಗದದ ಮ್ಯಾಲ ಹ್ಯಾಂಗ ತಿಳೀತದ್ರಿ?" ಕಾಕಾ ಕೇಳಿದರು. "ಕಾಳು ಹಸೀ ಅದನೋ ಒಣಗ್ಯದನೋ ಅಂತ ಕಡದ್ ನೋಡ್ಬೇಕ್ರಿ."

ಛೋಟೆ ಸೇಠ್ ಒಂದು ಹೆಜ್ಜೆ ಹಿಂದೆ ಸರಿದರು!

ಕಾಗದ ಹಂಚಿದರು. ಪ್ರತಿ ಪ್ರಶ್ನೆಯ ಮುಂದೆ ಐದು ದುಂಡು ಮುಖ, ಅಳುವ ಮುಖದಿಂದ ಹಲ್ಲು ಕಿಸಿಯುವ ಮುಖದ ತನಕ. ನಿಮ್ಮದು ಯಾವುದೋ ಅದಕ್ಕೆ ಗುರುತು ಹಾಕಿ. ಕಾಕಾ ಬಹಳ ಹೊತ್ತು ನೋಡಿ, "ಇದರಾಗ ನಂದ್ಯಾವದೂ ಇಲ್ಲ. ಒಂದಕ್ಕೂ ಮೀಸಿ ಇಲ್ಲ" ಅಂದು ಕಾಗದ ಬೋರಲು ಮಾಡಿ ಹಿಂಬದಿಯಲ್ಲಿ ಏನೋ ಬರೆಯಲು ಹತ್ತಿದರು. ಪುಟ ತುಂಬುವ ತನಕ ಬರೆದರು. ಎಲ್ಲರ ಕಾಗದ ಕಟ್ಟಾಗಿ ಕಪಾಟು ಸೇರಿತು. ಅದಕ್ಕೂ ಮೊದಲು ಮುಂಬದಿಯ ಮುಖಗಳನ್ನು ಎಣಿಸಿದ್ದರು. ಹಿಂಬದಿ ಯಾರೂ ನೋಡಲಿಲ್ಲ.

ಯುಗಾದಿ ಆದಮೇಲೆ ಮಿಲ್ಲಿಗೆ ಕ್ಯಾಮೆರಾ ಮಷೀನು ಬಂತು. ಕಾಳು ಮೇಲಿನಿಂದ ಸುರಿಯುತ್ತಿದ್ದರೆ ಅದು ಕಣ್ಣಿನಿಂದ ನೋಡಿ, ಕೆಟ್ಟದ್ದನ್ನು ಗಾಳಿಯಿಂದ ಊದಿ ಹೊರಗೆ ಹಾಕುತ್ತದೆ. ಕಾಕಾಗೆ ನಂಬಿಕೆ ಬರಲಿಲ್ಲ. ತಾವೇ ಹುಡುಕಿ ಹುಡುಕಿ ಇಪ್ಪತ್ತು ಕೆಟ್ಟ ಕಾಳು ಆರಿಸಿ, ಯಾರಿಗೂ ಹೇಳದೆ ಒಂದು ಚೀಲದಲ್ಲಿ ಕಲಸಿ ಮಷೀನಿಗೆ ಹಾಕಿಸಿದರು. ಮಷೀನು ಇಪ್ಪತ್ತೊಂದು ಹೊರಗೆ ಹಾಕಿತು!

ಇಪ್ಪತ್ತೊಂದನೆಯದನ್ನು ಕಾಕಾ ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಹೋಗಿ ನೋಡಿದರು. ಕೆಟ್ಟದ್ದೇ. ಅವರ ಕಣ್ಣಿಗೆ ತಪ್ಪಿತ್ತು. ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಕಾಕಾ ತಾವೇ ಇಡೀ ಮಿಲ್ಲಿಗೆ ಸಾರಿದರು: "ನನಕಿಂತ ಚಲೋ ನೋಡ್ತದ್ರಿ ಅದು!"

ಇಂಥ ಪ್ರಾಮಾಣಿಕತೆಗೆ ಏನು ಸಿಗಬೇಕೋ ಅದು ಸಿಕ್ಕಿತು. ಛೋಟೆ ಸೇಠ್ ಅವರನ್ನು ಕರೆದು, "ಕಾಕಾ, ಇಷ್ಟು ವರ್ಷ ಧೂಳಿನಾಗ ದುಡದೀರಿ. ಇನ್ನ ಆರಾಮ ಇರ್ರಿ" ಅಂದು, ಪಗಾರ ಹೆಚ್ಚಿಸಿ, ಭಾಲ್ಕಿಯ ಗೋದಾಮಿಗೆ ಸೂಪರ್ವೈಜರ್ ಮಾಡಿ ಕಳಿಸಿದರು. ಕಳಿಸಿದ್ದು ಒಳ್ಳೆಯ ಮನಸ್ಸಿನಿಂದಲೇ. ಮನೆಯಲ್ಲಿ ನಾವೆಲ್ಲ ಸಿಹಿ ತಿಂದೆವು. ನಾನಂತೂ, "ಇಂಥ ನೌಕರಿ ನನಗ್ಯಾರ್ ಕೊಡ್ತಾರ ಕಾಕಾ?" ಅಂದೆ.

ಭಾಲ್ಕಿಯಲ್ಲಿ ಏನಿತ್ತು ಕೇಳಿ. ಗಾಜಿನ ಮೇಜು. ತಿರುಗುವ ಕುರ್ಚಿ. ತಲೆಯ ಮೇಲೆ ಫ್ಯಾನು. ಲಾರಿ ಬರುತ್ತದೆ, ಚೀಲಗಳಿಗೆಲ್ಲ ಬೀದರಿನಲ್ಲೇ ಸೀಲ್ ಆಗಿರುತ್ತದೆ, ಕಾಕಾ ಕಾಗದಕ್ಕೆ ಸಹಿ ಮಾಡಬೇಕು. ಮುಗಿಯಿತು. ಮೊದಲನೇ ದಿನ ತಡೆಯಲಾರದೆ ಒಂದು ಚೀಲದ ಹೊಲಿಗೆ ಬಿಚ್ಚಿ ಮುಷ್ಟಿ ಹಾಕಿದರಂತೆ. ಅರ್ಧ ತಾಸಿಗೆ ಬೀದರಿನಿಂದ ಫೋನು: "ಕಾಕಾ, ಬಿಚ್ಚಬ್ಯಾಡ್ರಿ, ಅದು ಚೆಕ್ ಆಗಿ ಬಂದದ. ನೀವು ಆರಾಮ ಮಾಡ್ರಿ."

ಅಂದಿನಿಂದ ಕಾಕಾ ಆರಾಮ ಮಾಡಿದರು. ಪರಿಣಾಮ ಏನಾಯಿತೆಂದರೆ, ಮೊದಲು ರವಿವಾರ ಮಾತ್ರ ಬರುತ್ತಿದ್ದ ಜ್ವರ ವಾರದ ಏಳೂ ದಿನ ಬರಲು ಹತ್ತಿತು!

ಮೊದಮೊದಲು ನಾವು ನಕ್ಕೆವು. ಆಮೇಲೆ ನಗುವುದು ಕಡಿಮೆಯಾಯಿತು. ಕಾಕಾಗೆ ನಿದ್ದೆ ಹೋಯಿತು. ಅಂಗಿ ಸಡಿಲಾಗಿ ಜೋತು ಬಿತ್ತು. ಭಾಲ್ಕಿಯಿಂದ ಬಸ್ಸಿಳಿದು ಬಂದವರು ಮಾತಿಲ್ಲದೆ ಕೂಡುತ್ತಿದ್ದರು. ಒಂದು ದಿನ ಕಾಕು ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದರು:

"ನಿನ್ನೆ ನಾ ಬೇಕಂತ್ಲೇ ಬ್ಯಾಳ್ಯಾಗ ಒಂದು ಹಳ್ಳು ಹಾಕೀನವ್ವ. ಒದರ್ಲಿ, ಬೈಲಿ ಅಂತ. ಮೂವತ್ನಾಕು ವರ್ಷ ಒಂದು ಹಳ್ಳು ಸಿಕ್ರ ಮನಿನೇ ತೆಳಗ ಮ್ಯಾಲ ಮಾಡೋ ಮನುಷ್ಯ. ನಿನ್ನೆ ಬಾಯ್ಯಾಗಿಂದ ತಗದು ತಾಟಿನ ಅಂಚಿಗಿ ಇಟ್ಟು ಸುಮ್ನ ಉಂಡು ಎದ್ದು ಹೋದ್ರು. ನನಗ ಅಂಜಿಕಿ ಬಂದದ."

ಕಲ್ಲಿನ ಹರಳು ಸಿಕ್ಕರೂ ಸಿಟ್ಟು ಬಾರದ ಕಾಕಾ! ನನಗೂ ಅಂಜಿಕೆಯಾಯಿತು. ಮರುದಿನವೇ ಇಬ್ಬರನ್ನೂ ನಮ್ಮ ದವಾಖಾನೆಗೆ ಕರೆದುಕೊಂಡು ಹೋದೆ. ಬಿಪಿ ಏರಿತ್ತು. ಡಾಕ್ಟರಮ್ಮ ಗುಳಿಗೆ ಬರೆಯುತ್ತಾ, "ಕೆಲಸದಾಗ ಭಾಳ ಟೆನ್ಶನ್ ಅದೇನ್ರಿ?" ಎಂದು ಕೇಳಿದರು.

"ಕೆಲಸಾನೇ ಇಲ್ರಿ ಡಾಕ್ಟರ್ ಬಾಯಿ" ಅಂದರು ಕಾಕು.

"ಅಂದ್ರ ರಿಟೈರ್ ಆಗ್ಯಾರ?"

"ಇಲ್ರಿ. ಪ್ರಮೋಶನ್ ಆಗ್ಯದ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. ಕಾಕು ನಗಲಿಲ್ಲ. ಹೊರಗೆ ಬಂದವರೇ ಗುಳಿಗೆ ಚೀಟಿ ಕಾಕಾನ ಕೈಗೆ ಕೊಟ್ಟು ಮನೆಗೆ ಕಳಿಸಿ, ನನ್ನ ಕೈ ಹಿಡಿದರು. "ನಡಿ. ಮಿಲ್ಲಿಗಿ ಹೋಗೋಣು."

ಕಾಕಾ ಮೂವತ್ತೊಂದು ವರ್ಷ ದುಡಿದ ಆ ಮಿಲ್ಲಿನ ಗೇಟನ್ನು ಕಾಕು ಒಂದು ದಿನವೂ ದಾಟಿದವರಲ್ಲ. ಅವತ್ತು ಆಟೋದಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗೆ ಆಫೀಸಿಗೆ ನಡೆದರು. ಮಿಸ್ತ್ರಿ ಚಾಚಾ ಅವರನ್ನು ನೋಡಿ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಬಂದರು. ಛೋಟೆ ಸೇಠ್ ಎದ್ದು ಕುರ್ಚಿ ಕೊಟ್ಟರು. ಕಾಕು ಕೂಡಲಿಲ್ಲ.

"ನೋಡ್ರಿ ಸೇಠ, ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ನಮ್ಮ ಮನಿಯವ್ರು ದಿನಾ ಸೊರಗ್ಲಿಕತ್ತಾರ."

"ಅಮ್ಮಾ, ಪಗಾರ ಹೆಚ್ಚು ಮಾಡೀನಿ, ಕುರ್ಚಿ ಕೊಟ್ಟೀನಿ, ಫ್ಯಾನ್ ಕೊಟ್ಟೀನಿ. ಇನ್ನೇನ್ ಕೊಡ್ಬೇಕ್ರಿ?" ಅವರು ನಿಜವಾಗಿಯೂ ಕೇಳುತ್ತಿದ್ದರು.

"ಏನೂ ಕೊಡಬ್ಯಾಡ್ರಿ. ದಿನಾ ಒಂದು ಮಾತು ಕೇಳ್ರಿ. ನಿಮ್ಮಪ್ಪಾವ್ರು ಕೇಳ್ತಿದ್ರು."

ಛೋಟೆ ಸೇಠ್ ಕಪಾಟು ತೆಗೆದು ಕಾಗದದ ಕಟ್ಟು ಹೊರಗೆ ತೆಗೆದರು. "ನಾ ಕೇಳೀನಿ ಅಮ್ಮಾ, ಎಲ್ಲರಿಗೂ ಕೇಳೀನಿ. ಕಾಕಾ ಒಂದಕ್ಕೂ ಉತ್ತರ ಬರ್ದಿಲ್ಲ, ನೋಡ್ರಿ." ಕಾಕಾನ ಹಾಳೆ ಎತ್ತಿ ತೋರಿಸಿದರು. ಐದೈದು ಬೋಳು ಮುಖಗಳು, ಒಂದಕ್ಕೂ ಗುರುತಿಲ್ಲ.

ಬಾಗಿಲಲ್ಲಿ ನಿಂತ ಮಿಸ್ತ್ರಿ ಚಾಚಾ, "ಸೇಠ್, ಜರಾ ಪಲಟಾಕೆ ದೇಖೋ" ಅಂದರು.

ಸೇಠ್ ಹಾಳೆ ತಿರುಗಿಸಿದರು. ಕಾಕಾನ ದುಂಡನೆಯ ಅಕ್ಷರ ಅಂಚಿನ ತನಕ ಇತ್ತು. ಅವರು ಮನಸ್ಸಿನಲ್ಲೇ ಓದಲು ಶುರುಮಾಡಿ, ಯಾವಾಗಲೋ ಬಾಯಿಬಿಟ್ಟು ಓದಲು ಹತ್ತಿದರು. ಹಸನು ಮಾಡುವ ಹೆಣ್ಣುಮಕ್ಕಳಿಗೆ ನೀರಿನ ಕೊಡ ಅಂಗಳದ ಆ ತುದಿಗೆ ಇದೆ, ಎದ್ದು ಹೋದರೆ ಕೆಲಸ ಮಾಡಿಸುವ ಮುಕಾದಮ ಬೈಯುತ್ತಾನೆಂದು ಅವರು ನೀರೇ ಕುಡಿಯುವುದಿಲ್ಲ, ಕೊಡ ಈ ಕಡೆ ಇಡಬೇಕು. ಭಾಲ್ಕಿ ಲಾರಿಗೆ ಹೊದಿಸುವ ತಾಡಪತ್ರಿ ಎಡಗಡೆ ಹರಿದಿದೆ, ಮಳೆ ಬಂದರೆ ಮೂಲೆಯ ಚೀಲ ನೆನೆಯುತ್ತದೆ. ಮಿಸ್ತ್ರಿಯವರ ಬಲಗಣ್ಣು ಮಂಜಾಗಿದೆ, ಅವರು ಹೇಳುವುದಿಲ್ಲ, ದವಾಖಾನೆಗೆ ತೋರಿಸಬೇಕು. ಔರಾದಿನ ನಮ್ಮ ಖರೀದಿ ಕೇಂದ್ರದಲ್ಲಿ ಮಾಲು ಯಾಕೆ ಬೇಡ ಅಂತ ರೈತರಿಗೆ ಹೇಳುವವರು ಯಾರೂ ಇಲ್ಲ, ಬರೀ ಬೇಡ ಅನ್ನುತ್ತಾರೆ, ರೈತರು ಬೈದುಕೊಂಡು ಹೋಗುತ್ತಾರೆ, ಅದು ನಮಗೆ ಒಳ್ಳೆಯದಲ್ಲ. ಇಂಥವು ಹನ್ನೊಂದಿದ್ದವು. ಹನ್ನೆರಡನೆಯದು: ಮುಂಬದಿಯ ನಾಲ್ಕನೇ ಪ್ರಶ್ನೆಯಲ್ಲಿ ಒತ್ತಕ್ಷರ ತಪ್ಪಿದೆ.

ಮಿಸ್ತ್ರಿ ಚಾಚಾ ತಮ್ಮ ಕಣ್ಣಿನ ಮಾತು ಬಂದಾಗಲೇ ಹೊರಗೆ ಹೋಗಿದ್ದರು. ಛೋಟೆ ಸೇಠ್ ಹಾಳೆಯನ್ನು ಮೇಜಿನ ಮೇಲಿಟ್ಟು ಮೊದಲಿನಿಂದ ಇನ್ನೊಮ್ಮೆ ಓದಲು ಹತ್ತಿದರು. ಕಾಕು ನನ್ನನ್ನು ಎಳೆದುಕೊಂಡು ಬಂದುಬಿಟ್ಟರು. ಆಟೋದಲ್ಲಿ, "ನಾಕನೇ ಪ್ರಶ್ನಿದು ಬರೀಬಾರ್ದಿತ್ತು" ಅಂದರು.

ಮರುದಿನ ಛೋಟೆ ಸೇಠ್ ಯಾರಿಗೂ ಹೇಳದೆ ಭಾಲ್ಕಿಗೆ ಹೋದರು. ಅಲ್ಲಿ ಏನಾಯಿತೆಂದು ಕಾಕಾನೇ ನಮಗೆ ಅಭಿನಯಿಸಿ ತೋರಿಸಿದರು. ಸೇಠ್ ಎದುರಿನ ಕುರ್ಚಿಯಲ್ಲಿ ಕೂತು, "ಕಾಕಾ, ಔರಾದ ಕೇಂದ್ರಕ್ಕ ಏನ್ ಮಾಡ್ಬೇಕ್ರಿ?" ಅಂದರಂತೆ. ಕಾಕಾ ಹಿಂದೆ ಹೊರಳಿ ನೋಡಿದರಂತೆ, ಇನ್ಯಾರಾದರೂ ನಿಂತಿದ್ದಾರೇನು ಅಂತ.

"ನನಗ ಕೇಳ್ಲಿಕತ್ತೀರೇನ್ರಿ?"

"ಹೌದ್ರಿ, ನಿಮಗೇ."

ಮುಂದಿನ ಎರಡು ತಾಸು ಸೇಠರಿಗೆ ಚಹಾ ಕುಡಿಯಲೂ ಪುರಸೊತ್ತು ಸಿಗಲಿಲ್ಲ! ಎಂಟು ತಿಂಗಳ ಮಾತು ಕೂಡಿಬಿದ್ದಿತ್ತಲ್ಲ.

ಕಾಕಾ ತಾವೇ ಕೇಳಿಕೊಂಡು ಔರಾದಿಗೆ ಹೋದರು. ಬೀದರಿನಿಂದ ದಿನಾ ಮುಂಜಾನೆಯ ಬಸ್ಸು. ತಿರುಗುವ ಕುರ್ಚಿ ಇಲ್ಲ, ಕೂಡಲು ಒಂದು ಕಟ್ಟಿಗೆಯ ಬಾಕು. ಹೋದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಂಡಿರಾ? ಮೊದಲನೇ ವಾರ ಪೂರಾ ಗಡಿಬಿಡಿ. ಒಬ್ಬೊಬ್ಬ ರೈತನಿಗೂ ಕಾಕಾ ಮುಕ್ಕಾಲು ತಾಸು ಪಾಠ ಮಾಡಿದರು. ಕಾಳಿನ ಸಿಪ್ಪೆ, ಕಾಳಿನ ಮೂಗು, ಕಾಳಿನ ಹೊಟ್ಟೆ. ಸಾಲಿನಲ್ಲಿ ನಿಂತವರು ಬೇಸತ್ತು ಚೀಲ ಹೊತ್ತುಕೊಂಡು ಪಕ್ಕದ ಅಡತಿ ಅಂಗಡಿಗೆ ಹೋದರು. ಛೋಟೆ ಸೇಠ್ ಫೋನು ಮಾಡಿ, "ಕಾಕಾ, ಸ್ವಲ್ಪ ಚಿಕ್ಕದಾಗಿ ಹೇಳ್ರಿ" ಅಂದರು. ಕಾಕಾ ಪಾಠವನ್ನು ಐದು ನಿಮಿಷಕ್ಕೆ ಇಳಿಸಿದರು. ಅದು ತಮ್ಮ ಜೀವನದ ಅತಿ ಕಠಿಣ ಕೆಲಸ ಅಂತ ಅವರೇ ಒಪ್ಪಿದ್ದಾರೆ.

ಒಬ್ಬ ಹೆಣ್ಣುಮಗಳು ನಾಲ್ಕು ಚೀಲ ತಂದಿದ್ದಳು. ಗಂಡ ಇಲ್ಲ, ಹೊಲ ತಾನೇ ನೋಡಿಕೊಳ್ಳುತ್ತಾಳೆ. ಕಾಕಾ ಕಾಳು ಕಡಿದು ತಲೆ ಅಲ್ಲಾಡಿಸಿದರು. ಆಕೆ ಸಿಡಿದೆದ್ದಳು:

"ಹೋದ ವರ್ಷನೂ ಬ್ಯಾಡಂದ್ರಿ, ಈ ವರ್ಷನೂ ಬ್ಯಾಡಂತೀರಿ. ಹೆಣ್ಮಗಳಂತ ಅಗ್ಗ ಮಾಡೀರೇನು?"

ಕಾಕಾ ಅವಳ ಅಂಗೈಗೆ ಐದು ಕಾಳು ಹಾಕಿದರು. "ಕಡೀರಿ."

ಆಕೆ ಕಡಿದಳು. ಕಾಳು ಮೆತ್ತಗೆ ಜಜ್ಜಿಹೋಯಿತು. ಕಾಕಾ ಬೇರೆ ಚೀಲದ ಐದು ಕಾಳು ಹಾಕಿದರು. "ಈಗ ಇದು ಕಡೀರಿ." ಕಟ್ ಅಂತ ಸದ್ದಾಯಿತು. ಆಕೆ ಕಾಕಾನ ಮುಖ ನೋಡಿದಳು.

"ಇನ್ನ ನಾಕು ಬಿಸಲು ಬೇಕ್ರಿ, ಅಷ್ಟೇ. ತಾಡಪತ್ರಿ ಮ್ಯಾಲ ತೆಳ್ಳಗ ಹರವ್ರಿ. ಕಾಳು ಭಾಳ ಚಲೋ ಅದ."

"ಇಷ್ಟೇ ಏನ್ರಿ? ಇದನ್ನ ಯಾರೂ ಹೇಳೇ ಇಲ್ಲಲ್ರಿ!" ಅಂದಳಾಕೆ. ಮುಂದಿನ ವಾರ ಅದೇ ನಾಲ್ಕು ಚೀಲ ತಂದಳು. ಕಾಕಾ ಕೊಳವೆ ಎತ್ತುವ ಮೊದಲೇ ತಾನೇ ಒಂದು ಕಾಳು ತೆಗೆದು ಎಲ್ಲರೆದುರು ಕಟ್ ಅಂತ ಕಡಿದು ತೋರಿಸಿದಳಂತೆ. ಅವತ್ತು ಕಾಕಾ ಮನೆಗೆ ಬಂದು ಬೇಳೆಯಲ್ಲಿ ಉಪ್ಪು ಕಡಿಮೆ ಅಂತ ಕಾಕುವಿನ ಸಂಗಡ ಅರ್ಧ ತಾಸು ಜಗಳಾಡಿದರು. ಕಾಕು ಕಣ್ಣೀರು ಒರೆಸಿಕೊಂಡು ಜಗಳಾಡಿದರು.

ನಿದ್ದೆ ಬಂತು. ಮೈ ಹಿಡಿಯಿತು. ಬಿಪಿ ಗುಳಿಗೆ ಮಾತ್ರ ಇನ್ನೂ ಇದೆ. ಕಾಕಾ ಅದನ್ನು ಬಿಡುತ್ತೇನೆಂದರು, ಡಾಕ್ಟರಮ್ಮ ಬಿಡಬಾರದೆಂದರು. ಮಿಸ್ತ್ರಿ ಚಾಚಾನ ಕಣ್ಣಿನ ಆಪರೇಶನ್ನೂ ಆಯಿತು. ಈಗ ಫೋನಿನ ನಂಬರೂ ಚೆನ್ನಾಗಿ ಕಾಣಿಸುತ್ತದೆ, ಆದ್ದರಿಂದ ಕಾಕಾ ನೆನಪಾದಾಗಲೆಲ್ಲ ಔರಾದಿಗೆ ಫೋನು ಮಾಡಿ ಜಗಳ ತೆಗೆಯುತ್ತಾರೆ.

ಹೋದ ತಿಂಗಳು ಕಾಕಾ ಬಿಪಿ ತೋರಿಸಲು ನಮ್ಮ ದವಾಖಾನೆಗೆ ಬಂದರು. ಡಾಕ್ಟರಮ್ಮ ಬರುವುದು ತಡವಿತ್ತು. ಒಳಗೆ ಹೋಗಿ ಕೂಡಿರಿ ಅಂದರೂ ಕೇಳದೆ ನನ್ನ ಕಿಟಕಿಯ ಎದುರಿನ ಬೆಂಚಿನಲ್ಲೇ ಕೂತರು. ಒಂಬತ್ತರಿಂದ ಹನ್ನೊಂದೂವರೆ ತನಕ! ನನಗೆ ಒಳಗೊಳಗೇ ಕಿರಿಕಿರಿ. ಸಾಲು ಉದ್ದ ಇತ್ತು, ಸೋಮವಾರ ಬೇರೆ. ಹೆಸರೇನು, ವಯಸ್ಸೆಷ್ಟು, ಊರು ಯಾವುದು, ಏನು ತ್ರಾಸು. ಇಷ್ಟೇ ನನ್ನ ಕೆಲಸ. ಇದರಲ್ಲಿ ನೋಡುವುದೇನಿದೆ? ಮನೆಗೆ ಹೋಗಿ ನನ್ನ ತಪ್ಪು ಎಣಿಸಿ ಹೇಳುತ್ತಾರೆ ಅಂದುಕೊಂಡೆ.

ಬಿಪಿ ತೋರಿಸಿಕೊಂಡು ಹೊರಟವರು ಕಿಟಕಿಯ ಹತ್ತಿರ ಬಂದು ಬಗ್ಗಿದರು.

"ಅವ್ವಾ, ಆ ಬುರ್ಖಾ ಹಾಕಿದ ಮುದುಕಿ ಬಂದಾಗ ನೀ ಬಾಯಿಲಿ ಕೇಳೋಕಿಂತ ಮೊದಲ ಕುರ್ಚಿ ತೋರಿಸ್ದಿ. ಆಕಿ ಕಾಲು ನೋಡಿ ತೋರಿಸ್ದಿ, ನಾ ನೋಡ್ದೆ."

ನಾನು ಬರೆಯುವುದು ನಿಲ್ಲಿಸಿ ತಲೆ ಎತ್ತಿದೆ.

"ಆಮ್ಯಾಲ ಒಬ್ಬ ಹುಡುಗಿ ಏನ್ ತ್ರಾಸಂತ ಹೇಳ್ಲಿಕ್ಕಿ ನಾಚಿದ್ಲು. ಹಿಂದ ಗಂಡ್ಮಕ್ಳು ನಿಂತಿದ್ರು. ನೀ ಕೇಳೋದು ಬಿಟ್ಟು ಚೀಟಿನೇ ಆಕಿ ಕಡಿ ತಿರುಗಿಸಿ ಪೆನ್ನು ಕೊಟ್ಟಿ. ಎಲ್ಲರ ಹೆಸರು ಬರ್ಕೊಂಡ ಮ್ಯಾಲ ಒಮ್ಮಿ ಮಾರಿ ನೋಡ್ತಿ. ಒಬ್ಬರದೂ ಬಿಟ್ಟಿಲ್ಲ." ಟೊಪಗಿ ಸರಿಮಾಡಿಕೊಂಡರು. "ಭಾಳ ಚಂದ ಮಾಡ್ತಿ ನೋಡವ್ವ ಕೆಲಸ. ಹೋಗಿ ಬರ್ತೇನಿ, ಔರಾದ ಬಸ್ಸಿಗಿ ಹೊತ್ತಾತು."

ಗುಳಿಗೆಯ ಚೀಲ ಹಿಡಿದು ಗೇಟು ದಾಟಿ ಹೋದರು. ಹನ್ನೆರಡು ವರ್ಷ ನಾನು ಆ ಕಿಟಕಿಯಲ್ಲಿ ಕೂತಿದ್ದೇನೆ. ಚೀಟಿ ತಪ್ಪಾದಾಗ ಕರೆದಿದ್ದಾರೆ, ಸಾಲು ನಿಧಾನವಾದಾಗ ಕರೆದಿದ್ದಾರೆ. ಹೀಗೆ ಕೂತು ಯಾರೂ ನೋಡಿರಲಿಲ್ಲ. ನಾನು ಚೀಟಿ ತಿರುಗಿಸಿ ಕೊಡುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಸಾಲಿನಲ್ಲಿ ಮುಂದಿನವಳು ಬಂದು ನಿಂತಳು. ಹಳ್ಳಿಯ ಹೆಣ್ಣುಮಗಳು, ಬಗಲಲ್ಲಿ ಕೂಸು. ಹೆಸರು ಬರೆಯಲು ಹೊಸ ಚೀಟಿ ಎಳೆದುಕೊಂಡೆ. ಕಣ್ಣು ತುಂಬಿ ಅಕ್ಷರಗಳೆಲ್ಲ ಕಲಸಿಹೋಗಿದ್ದವು.

ಆಕೆ ಕಿಟಕಿಯೊಳಗೆ ಬಗ್ಗಿ ನೋಡಿ ಗಾಬರಿಯಿಂದ ಕೇಳಿದಳು: "ಯಾಕ್ರಿ ಅಕ್ಕಾ, ಆರಾಮ ಇಲ್ಲೇನ್ರಿ?"

"ಇಲ್ರಿ," ಅಂದೆ, "ಆರಾಮ ಇದ್ದೇನ್ರಿ." ಅವಳ ಮುಖ ನೋಡಿ ಹೆಸರು ಕೇಳಿದೆ.